ಪಟದ ಸಿಪಾಯಿ, ಅವನ ಕೈಯ ಕೋವಿ

(ಬೆಂಗಳೂರಿನ ಟಿನ್ ಫ್ಯಾಕ್ಟರಿಯಲ್ಲಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಬೇಕೆಂದಿರುವುದು ಹಳೆಯ ಪಟಗಳ ಬಗ್ಗೆ. ಅದರಲ್ಲೂ ಸುಮಾರು ೧೮೬೦ರಿಂದ ೧೯೦೦ರ ವರೆಗೆ ತೆಗೆದ ಸಿಪಾಯಿಗಳ ಪಟಗಳ ಬಗ್ಗೆ. ಕಾರ್ಮಿಕರ ಸಭೆಯಲ್ಲಿ ಈ ವಿಷಯವೇಕೆ ಎಂದು ಕೆಲವರಿಗೆ ಅನಿಸಿದ್ದೀತು. ಸಿಪಾಯಿಯೂ ಕೂಲಿಗೆ ದುಡಿದವನೇ ಅಲ್ಲವೆ? ಅವನ ಕೈಗೆ ಕೊಟ್ಟ ಹತಾರ ಎಂಥದು, ಮೈಮೇಲೆ ಹಾಕಿದ ಬಟ್ಟೆ ಎಂಥದು, ತಿಂಗಳ ಕೊನೆಗೆ ಕೈಗೆ ಬಂದದ್ದೆಷ್ಟು ಎಂಬ ಲೆಕ್ಕ ನಿಮಗೆ ತಿಳಿಯದ ಲೆಕ್ಕವಲ್ಲ.

ನಾವು ಕುಳಿತಿರುವ ಈ ಜಾಗವೂ ಆ ಕಥೆಗೆ ಹೊರತಲ್ಲ. ಇದು ಹಳೆಯ ಮದರಾಸು ರಸ್ತೆ. ಪಡುವಣಕ್ಕೆ ನಾಲ್ಕೈದು ಮೈಲಿ ಹೋದರೆ ಹಲಸೂರಿನ ಕೆರೆ, ಅದರಾಚೆಗೆ ಜನ ಇಂದಿಗೂ ‘ದಂಡು’ ಎಂದೇ ಕರೆಯುವ ಕಂಟೋನ್ಮೆಂಟು. ೧೮೦೯ರ ಹೊತ್ತಿಗೆ ಇಂಗ್ಲಿಷರು ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ತಮ್ಮ ಸೈನ್ಯವನ್ನು ಇಲ್ಲಿಗೆ ತಂದು ಬೀಡು ಬಿಡಿಸಿದರು. ೧೮೬೪ರಲ್ಲಿ ದಂಡಿನಿಂದ ಜೋಲಾರಪೇಟೆಗೆ ರೈಲು ಬಿತ್ತು. ಕೃಷ್ಣರಾಜಪುರದ ತೂಗುಸೇತುವೆಯ ಕೆಳಗೆ ಹಾದುಹೋಗಿರುವುದು ಆ ಹಾದಿಯೇ. ೨೦೨೩ರಿಂದ ಮೆಟ್ರೋ ಕೂಡ ತಲೆಯ ಮೇಲೆ ಓಡುತ್ತಿದೆ. ಕೆಳಗಿನ ಹಳಿಯನ್ನು ಈಗ ಯಾರೂ ನೋಡುವುದಿಲ್ಲ. ಆದರೆ ಬೆಂಗಳೂರಿನ ದಂಡಿನಿಂದ ಮದರಾಸಿನ ಬಂದರಿಗೆ, ಅಲ್ಲಿಂದ ಹಡಗು ಹತ್ತಿ ಬರ್ಮಾಕ್ಕೆ ಹೋಗಬೇಕಾದವರಿಗೆ ನೇರ ದಾರಿ ಇದೇ ಆಗಿತ್ತು.

ಹಲಸೂರಿನಲ್ಲಿ ನೆಲೆಯೂರಿದ ಪಡೆ ಮದರಾಸು ಸ್ಯಾಪರುಗಳದು. ೧೭೮೦ರಲ್ಲಿ ಮದರಾಸಿನಲ್ಲಿ ಎರಡು ಕಂಪನಿಗಳಾಗಿ ಹುಟ್ಟಿದ ಪಡೆ ಅದು. ೧೮೭೬ರಲ್ಲಿ ಅದಕ್ಕೆ ರಾಣಿಯ ಹೆಸರು ಸೇರಿತು. ಇಂದು ಅದೇ ಮದ್ರಾಸ್ ಎಂಜಿನಿಯರ್ ಗ್ರೂಪ್. ಸ್ಯಾಪರ್ ಎಂದರೆ ದಾರಿ ಕಡಿಯುವವನು, ಸೇತುವೆ ಕಟ್ಟುವವನು, ಕೋಟೆಯ ಗೋಡೆಗೆ ಮದ್ದು ಇಡುವವನು. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಕೋವಿ. ಇವರನ್ನು ‘ತಂಬಿ’ಗಳೆಂದು ಕರೆಯುವುದು ವಾಡಿಕೆ. ೧೮೬೮ರ ಅಬಿಸೀನಿಯ, ೧೮೭೮ರಿಂದ ೮೦ರ ಅಫ್ಘಾನಿಸ್ತಾನ, ೧೮೮೨ರ ಈಜಿಪ್ಟ್, ೧೮೮೫ರ ಸೂಡಾನ್, ಅದೇ ವರ್ಷ ಹೊರಟ ಬರ್ಮಾ ದಂಡಯಾತ್ರೆ, ೧೯೦೦ರ ಚೀನ: ಇಷ್ಟು ಕಡೆಗೂ ಇವರು ಹೋಗಿದ್ದಾರೆ. ಒಂದೂ ಇವರ ಜಗಳವಲ್ಲ. ಇವರ ಪಟಗಳೇ ಇಂದಿನ ನಮ್ಮ ಮುಖ್ಯ ವಿಷಯ.

ಮೊದಲು ಪಟವನ್ನು ಓದುವುದು ಹೇಗೆಂದು ನೋಡೋಣ. ಇದು ಟಿನ್ ಫ್ಯಾಕ್ಟರಿ. ಆದ್ದರಿಂದ ತಗಡಿನಿಂದಲೇ ಶುರುಮಾಡುತ್ತೇನೆ. ಆ ಕಾಲದಲ್ಲಿ ‘ಟಿನ್‌ಟೈಪ್’ ಎಂಬ ಒಂದು ಅಗ್ಗದ ಪಟವಿತ್ತು. ೧೮೫೬ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟು ಸಿಕ್ಕಿತು. ೧೮೬೧ರಿಂದ ೬೫ರ ವರೆಗಿನ ಅಲ್ಲಿಯ ಅಂತರ್ಯುದ್ಧದಲ್ಲಿ ಬಡ ಸಿಪಾಯಿಗಳು ಲೆಕ್ಕವಿಲ್ಲದಷ್ಟು ತೆಗೆಸಿಕೊಂಡು ಮನೆಗೆ ಕಳಿಸಿದರು. ಹೆಸರು ಟಿನ್, ಆದರೆ ಅದರಲ್ಲಿ ತವರ ಕಾಸಿನಷ್ಟೂ ಇಲ್ಲ. ಕಪ್ಪು ವಾರ್ನಿಷು ಬಳಿದ ತೆಳು ಕಬ್ಬಿಣದ ತಗಡು ಅದು. ನೀವು ನೋಡುವ ಡಬ್ಬಗಳಲ್ಲಾದರೂ ಕಬ್ಬಿಣದ ಮೇಲೆ ತವರದ ಲೇಪವಿರುತ್ತದೆ. ಇದರಲ್ಲಿ ಅದೂ ಇಲ್ಲ. ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಟಿನ್‌ಟೈಪ್. ಗಾಜಿನ ಪಟವಾದರೆ ಅಂಟುವುದಿಲ್ಲ.

ಈ ತಗಡಿನ ಪಟಕ್ಕೆ ಒಂದು ಗುಣವಿದೆ. ಇದರಲ್ಲಿ ನೆಗೆಟಿವ್ ಇಲ್ಲ, ಕ್ಯಾಮರಾದ ಒಳಗಿದ್ದ ತಗಡೇ ಪಟ. ಆದ್ದರಿಂದ ಕನ್ನಡಿಯಲ್ಲಿ ಕಾಣುವಂತೆ ಎಡ ಬಲ ತಿರುವುಮುರುವಾಗುತ್ತದೆ. ಎಡ ಸೊಂಟದ ಕತ್ತಿ ಬಲಕ್ಕೆ ಬರುತ್ತದೆ, ಎಡ ಎದೆಯ ಪದಕ ಬಲ ಎದೆಗೆ ಹೋಗುತ್ತದೆ, ಸೊಂಟಪಟ್ಟಿಯ ಬಿಲ್ಲೆಯ ಅಕ್ಷರ ಹಿಂದುಮುಂದಾಗುತ್ತದೆ. ‘ನಮ್ಮ ಮುತ್ತಜ್ಜ ಎಡಚ’ ಎಂದು ಯಾರಾದರೂ ಹೆಮ್ಮೆಯಿಂದ ತೋರಿಸಿದರೆ ಮೊದಲು ಅಯಸ್ಕಾಂತ ತರಿಸಿ. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಮೊಟ್ಟೆಯ ಬಿಳಿಯ ಲೇಪವಿರುವ ಕಾಗದದ ಪಟಗಳು. ಹಳದಿಗೆ ತಿರುಗಿರುತ್ತವೆ. ಅವುಗಳಿಗೆ ನೆಗೆಟಿವ್ ಇದ್ದುದರಿಂದ ಎಡ ಬಲ ಸರಿಯಾಗಿಯೇ ಇರುತ್ತವೆ.

ಎರಡನೆಯದು ಬಣ್ಣದ ಮಾತು. ಆ ಕಾಲದ ಗಾಜಿನ ಫಲಕಕ್ಕೆ ನೀಲಿ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಆದ್ದರಿಂದ ಪಟದಲ್ಲಿ ಕೆಂಪು ಬಟ್ಟೆ ಕಪ್ಪಾಗಿ ಬೀಳುತ್ತದೆ, ಹಳದಿಯೂ ಗಾಢವಾಗುತ್ತದೆ, ತಿಳಿನೀಲಿ ಬಹುಮಟ್ಟಿಗೆ ಬಿಳಿಯಾಗುತ್ತದೆ. ಸ್ಯಾಪರುಗಳ ಪೂರ್ಣ ಉಡುಪು ಕಡುಗೆಂಪು ಕೋಟು, ಅದಕ್ಕೆ ನೀಲಿಯ ಕೊರಳಪಟ್ಟಿ ಮತ್ತು ತೋಳುಪಟ್ಟಿ. ಹಳೆಯ ಪಟದಲ್ಲಿ ಅದು ಶೋಕದ ಕರಿಯ ಕೋಟಿನಂತೆ ಕಾಣುತ್ತದೆ. ೧೮೭೩ರಲ್ಲಿ ಫೋಗಲ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಫಲಕಕ್ಕೆ ಬಣ್ಣ ಬೆರೆಸಿ ಹಳದಿ ಹಸಿರುಗಳೂ ಕಾಣುವಂತೆ ಮಾಡಿದ. ಅಂಥ ಫಲಕಗಳು ಅಂಗಡಿಗೆ ಬಂದದ್ದು ೧೮೮೦ರ ದಶಕದಲ್ಲಿ. ಆಗಲೂ ಕೆಂಪು ಕುರುಡೇ. ಈಗ ಮೊಬೈಲಿನಲ್ಲಿ ಹಳೆಯ ಪಟಕ್ಕೆ ಬಣ್ಣ ಹಚ್ಚಿಕೊಡುವ ಯಂತ್ರಗಳು ಬಂದಿವೆಯಷ್ಟೆ? ಅವು ಕಪ್ಪನ್ನು ಕಪ್ಪೆಂದೇ ನಂಬಿ ಕೆಂಪು ಕೋಟಿನವನಿಗೆ ಕರಿಯ ಕೋಟು ತೊಡಿಸುತ್ತವೆ. ಅದನ್ನು ಸಾಕ್ಷಿಯೆಂದು ಹಿಡಿಯಬೇಡಿ.

ತಲೆಯ ಮೇಲಿನ ಟೋಪಿಯನ್ನೂ ನೋಡಿ. ಮದರಾಸು ಸ್ಯಾಪರನಿಗೆ ಮುಂಡಾಸವಿಲ್ಲ. ಅವನದು ‘ದೂಪ್ತಾ’ ಎಂಬ ಗಟ್ಟಿಯಾದ ದುಂಡು ಟೋಪಿ. ಅದು ಬೇರೆ ಯಾವ ಪಡೆಗೂ ಇಲ್ಲ. ಇಂದಿಗೂ ವಿಶೇಷ ದಿನಗಳಲ್ಲಿ ಹಲಸೂರಿನಲ್ಲಿ ಅದನ್ನು ಕಾಣಬಹುದು. ನೂರು ಜನರ ಗುಂಪಿನಲ್ಲಿ ನಮ್ಮವನನ್ನು ಹುಡುಕಲು ಟೋಪಿಯೊಂದೇ ಸಾಕು.

ಈ ಪಟಗಳನ್ನು ತೆಗೆದವರು ಯಾರು? ಮೊದಮೊದಲು ಸೈನ್ಯದ ಅಧಿಕಾರಿಗಳೇ. ಬೆಂಗಳೂರಿನಲ್ಲಿದ್ದ ಲಿನ್ನೇಯಸ್ ಟ್ರೈಪ್ ಎಂಬ ಮದರಾಸು ಸೈನ್ಯದ ಕ್ಯಾಪ್ಟನ್ ೧೮೫೪ರ ಕೊನೆಯಲ್ಲಿ ಹಳೇಬೀಡು ಬೇಲೂರುಗಳ ಪಟ ತೆಗೆದ. ಮುಂದೆ ಮದರಾಸು ಸರ್ಕಾರ ಅವನನ್ನೇ ತನ್ನ ಛಾಯಾಗ್ರಾಹಕನನ್ನಾಗಿ ಮಾಡಿಕೊಂಡಿತು. ಬೇಲೂರಿನ ಶಿಲಾಬಾಲಿಕೆಯರನ್ನು ಲೋಕಕ್ಕೆ ತೋರಿಸಿದ ಕ್ಯಾಮರಾ ಬಂದದ್ದು ಸಿಪಾಯಿಯ ಪೆಟ್ಟಿಗೆಯಲ್ಲಿ ಎಂಬುದು ನೆನಪಿಡತಕ್ಕ ಮಾತು.

ಇನ್ನೊಬ್ಬ ವಿಲ್ಲೋಬಿ ವಾಲೇಸ್ ಹೂಪರ್. ಇವನೂ ಮದರಾಸು ಸೈನ್ಯದವನೇ, ಕುದುರೆಪಡೆಯ ಅಧಿಕಾರಿ. ೧೮೭೬ರಿಂದ ೭೮ರ ವರೆಗಿನ ಮಹಾಕ್ಷಾಮದಲ್ಲಿ ಎಲುಬಿನ ಗೂಡಾದ ಜನರನ್ನು ಸಾಲಾಗಿ ಕೂರಿಸಿ, ನಿಲ್ಲಿಸಿ ಪಟ ತೆಗೆದವನು ಇವನು. ಆ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಏನಾಯಿತೆಂದು ಕೇಳುತ್ತೀರಾ? ೧೮೭೧ರ ಜನಗಣತಿಯಲ್ಲಿ ಸುಮಾರು ೫೦ ಲಕ್ಷ ೫೫ ಸಾವಿರ ಇದ್ದ ಜನ ೧೮೮೧ರಲ್ಲಿ ೪೧ ಲಕ್ಷ ೮೬ ಸಾವಿರ ಆದರು. ಹೊಟ್ಟೆಗಿಲ್ಲದ ಅಂಥ ವರ್ಷಗಳಲ್ಲಿ ಪಡೆಗೆ ಸೇರಲು ಮನಸ್ಸು ಮಾಡಿದವನನ್ನು ದೇಶದ್ರೋಹಿ ಎಂದು ನಾನು ಕರೆಯಲಾರೆ.

ಇದೇ ಹೂಪರ್ ೧೮೮೫ರ ನವೆಂಬರಿನಲ್ಲಿ ಬರ್ಮಾ ದಂಡಯಾತ್ರೆಯ ಜೊತೆ ಹೊರಟ. ಸೈನ್ಯ ಮದರಾಸಿನಲ್ಲಿ ಹಡಗು ಹತ್ತಿದಲ್ಲಿಂದ ತೀಬಾ ದೊರೆಯ ಸೆರೆಯವರೆಗೆ ನೂರು ಪಟಗಳ ಒಂದು ಪುಸ್ತಕವನ್ನು ೧೮೮೭ರಲ್ಲಿ ಹೊರತಂದ. ಆ ಯಾತ್ರೆಯಲ್ಲಿ ಮದರಾಸು ಸ್ಯಾಪರುಗಳೂ ಇದ್ದರು. ನವೆಂಬರ್ ೨೮ಕ್ಕೆ ಮಂಡಾಲೆ ಬಿತ್ತು. ಹೊಸ ವರ್ಷದ ಮೊದಲ ದಿನವೇ ಬರ್ಮಾ ಇಂಗ್ಲಿಷರ ರಾಜ್ಯಕ್ಕೆ ಸೇರಿತು. ತೀಬಾ ದೊರೆ ರತ್ನಾಗಿರಿಯಲ್ಲಿ ಸೆರೆಯಾಳಾಗಿದ್ದು ೧೯೧೬ರಲ್ಲಿ ಅಲ್ಲಿಯೇ ಸತ್ತ. ಮಂಡಾಲೆಯಲ್ಲಿ ಹೂಪರನಿಗೆ ಸೈನಿಕ ಪೊಲೀಸಿನ ಅಧಿಕಾರ ಸಿಕ್ಕಿತು. ಗುಂಡಿಕ್ಕಿ ಕೊಲ್ಲಬೇಕಾದ ಬರ್ಮೀಯರನ್ನು ಗೋಡೆಗೆ ನಿಲ್ಲಿಸಿ, ತನ್ನ ಕ್ಯಾಮರಾ ಸಿದ್ಧವಾಗುವ ತನಕ ಕಾಯಿಸಿದ ಎಂಬ ಸುದ್ದಿ ೧೮೮೬ರ ಜನವರಿಯಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಮುಟ್ಟಿತು. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು, ವಿಚಾರಣೆಯೂ ನಡೆಯಿತು. ಹೂಪರನ ಪಟಗಳು ಕೈಚಳಕದಲ್ಲಿ ಬಹಳ ಒಳ್ಳೆಯವು. ಅದೇ ಕೈ ಇದನ್ನೂ ಮಾಡಿತು.

ಆ ಕಾಲದ ಯುದ್ಧದ ಪಟಗಳಲ್ಲಿ ಯುದ್ಧ ಕಾಣುವುದಿಲ್ಲ ಎಂಬುದನ್ನು ಗಮನಿಸಿದ್ದೀರಾ? ಒದ್ದೆ ಫಲಕಕ್ಕೆ ಹಲವು ಸೆಕೆಂಡು ಬೆಳಕು ಬೇಕಿತ್ತು. ಓಡುವವನು ಹೊಗೆಯಂತೆ ಅಳಿಸಿಹೋಗುತ್ತಿದ್ದ. ಆದ್ದರಿಂದ ಸಿಪಾಯಿ ಸೆಟೆದು ನಿಂತಿರುತ್ತಾನೆ. ಸ್ಟುಡಿಯೋದಲ್ಲಿ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿಕೆ ಬೇರೆ. ಆ ಬಿಗುಪನ್ನು ನೋಡಿ ‘ಏನು ಶಿಸ್ತು!’ ಎಂದು ಬೆರಗಾಗುವವರಿದ್ದಾರೆ. ಅದರಲ್ಲಿ ಅರ್ಧ ಶಿಸ್ತು, ಅರ್ಧ ಕ್ಯಾಮರಾದ ಕಾಟ.

ಈಗ ಕೋವಿಗೆ ಬರೋಣ. ನನ್ನ ಮಾತಿನ ತಿರುಳು ಇಲ್ಲಿದೆ. ಉಡುಪು ಸರ್ಕಾರ ಜನಕ್ಕೆ ತೋರಿಸಬೇಕೆಂದದ್ದು. ಕೋವಿ ಸರ್ಕಾರ ಸಿಪಾಯಿಯನ್ನು ಎಷ್ಟು ನಂಬಿತು ಎಂಬುದರ ಅಳತೆ. ಪಟದಲ್ಲಿ ಮೊದಲು ಕೋವಿಯನ್ನು ನೋಡಿ.

ಗುರುತು ಹಿಡಿಯುವುದು ಕಷ್ಟವಲ್ಲ. ಉದ್ದ ಕೊಳವೆಗೆ ಮೂರು ಕಡೆ ಉಂಗುರದಂಥ ಪಟ್ಟಿ, ಪಕ್ಕದಲ್ಲಿ ದೊಡ್ಡ ಕುದುರೆ ಇದ್ದರೆ ಅದು ೧೮೫೩ರ ಮಾದರಿಯ ಎನ್‌ಫೀಲ್ಡ್. ಬಾಯಿಯಿಂದ ಮದ್ದು ತುಂಬುವ ಕೋವಿ. ೧೮೫೭ರಲ್ಲಿ ಕೊಬ್ಬು ಸವರಿದ ತೋಟಾದ ಜಗಳ ಎದ್ದದ್ದು ಇದರ ಸುತ್ತಲೇ. ಅದೇ ಕೋವಿಯ ಹಿಂಭಾಗವನ್ನು ಕೊಯ್ದು, ಬಲಗಡೆಗೆ ತೆರೆಯುವ ಒಂದು ಮುಚ್ಚಳ ಕೂರಿಸಿದ್ದರೆ ಅದು ೧೮೬೬ರ ಸ್ನೈಡರ್. ಹಿಂದಿನಿಂದ ತೋಟಾ ಹಾಕಬಹುದು. ಹೊರಗೆ ಕುದುರೆಯೇ ಇಲ್ಲದೆ, ಕುಡಿಯ ಹಿಂದೆ ಕೆಳಗಡೆ ಒಂದು ಸನ್ನೆ ಇದ್ದರೆ ಅದು ೧೮೭೧ರ ಮಾರ್ಟಿನಿ ಹೆನ್ರಿ. ಕುಡಿಯ ಮುಂದೆ ಒಂದು ಪೆಟ್ಟಿಗೆ, ಪಕ್ಕದಲ್ಲಿ ಬಾಗಿಲ ಚಿಲಕದಂಥ ಹಿಡಿ ಇದ್ದರೆ ಅದು ೧೮೮೮ರ ಲೀ ಮೆಟ್‌ಫರ್ಡ್. ಆ ಪೆಟ್ಟಿಗೆಯಲ್ಲಿ ಮೊದಲು ಎಂಟು, ಆಮೇಲೆ ಹತ್ತು ತೋಟಾ. ಒಂದೇ ಒಂದು ಎಚ್ಚರಿಕೆ: ಸ್ಟುಡಿಯೋದಲ್ಲಿ ತೆಗೆದ ಪಟವಾದರೆ ಕೋವಿ ಸ್ಟುಡಿಯೋದ ಸಾಮಾನೂ ಆಗಿರಬಹುದು. ಕಂಪನಿಯೆಲ್ಲ ಸಾಲಾಗಿ ನಿಂತ ಪಟವೇ ನಂಬಿಕೆಗೆ ಹೆಚ್ಚು ಅರ್ಹ.

೧೮೫೭ರ ದಂಗೆಯನ್ನು ತುಳಿದ ಮೇಲೆ ಇಂಗ್ಲಿಷರು ಮಾಡಿದ್ದೇನು? ಬಂಗಾಳದಲ್ಲಿ ಇಬ್ಬರು ದೇಶೀ ಸಿಪಾಯಿಗಳಿಗೆ ಒಬ್ಬ ಗೋರಾ, ಮದರಾಸು ಮುಂಬಯಿಗಳಲ್ಲಿ ಮೂವರಿಗೆ ಒಬ್ಬ ಎಂಬ ಲೆಕ್ಕ ಹಾಕಿದರು. ಕೆಲವು ಬೆಟ್ಟದ ತೋಪುಖಾನೆಗಳನ್ನು ಬಿಟ್ಟರೆ ಫಿರಂಗಿಗಳನ್ನೆಲ್ಲ ಗೋರಾಗಳ ಕೈಗೆ ಕೊಟ್ಟರು. ದೇಶೀ ಸಿಪಾಯಿಗೆಂದೇ ೧೮೫೮ರಲ್ಲಿ ಒಂದು ಕೋವಿಯನ್ನು ಮಾಡಿಸಿದರು. ದೂರದಿಂದ ನೋಡಿದರೆ ಅಪ್ಪಟ ಎನ್‌ಫೀಲ್ಡ್. ಆದರೆ ಗುಂಡನ್ನು ತಿರುಗಿಸಿ ನೇರಕ್ಕೆ ಕಳಿಸುವ ಒಳಗಿನ ಸುರುಳಿ ಗೀರುಗಳನ್ನು ಕೊರೆದು ತೆಗೆದು ಕೊಳವೆಯನ್ನು ನಯ ಮಾಡಿದ್ದರು. ಗುಂಡು ಹಾರುತ್ತದೆ, ಗುರಿ ಮುಟ್ಟುವುದು ದೇವರಿಗೆ ಬಿಟ್ಟದ್ದು. ದೂರ ಅಳೆಯುವ ಏಣಿಯಂಥ ಸಾಧನದ ಬದಲು ಒಂದು ಮೊಂಡು ತುಂಡನ್ನು ಕೂರಿಸಿದ್ದರು. ಕೊಳವೆಯ ಒಳಗು ಯಾವ ಪಟಕ್ಕೂ ಕಾಣುವುದಿಲ್ಲ. ಆ ಮೊಂಡು ತುಂಡು ಮಾತ್ರ ಚೊಕ್ಕ ಪಟವಾದರೆ ಕಾಣುತ್ತದೆ. ಯೋಚಿಸಿ ನೋಡಿ, ಒಳ್ಳೆಯ ಹತಾರ ತಯಾರಿದ್ದಾಗ ಅದನ್ನು ಕೆಡಿಸಿ ಕೈಗೆ ಕೊಡುವುದಕ್ಕೆ ಎಷ್ಟು ಅಪನಂಬಿಕೆ ಬೇಕು!

ಆಮೇಲೂ ಇದೇ ಚಾಳಿ ಮುಂದುವರಿಯಿತು. ಅಫ್ಘಾನಿಸ್ತಾನದಲ್ಲಿ ಗೋರಾ ಸೋಲ್ಜರನ ಕೈಯಲ್ಲಿ ಮಾರ್ಟಿನಿ, ಅವನ ಪಕ್ಕದ ದೇಶೀ ಸಿಪಾಯಿಯ ಕೈಯಲ್ಲಿ ಸ್ನೈಡರ್. ೧೮೮೨ರ ಸೆಪ್ಟೆಂಬರ್ ೧೩ರಂದು ಈಜಿಪ್ಟಿನ ತೆಲ್ ಎಲ್ ಕಬೀರಿನಲ್ಲೂ ಹಾಗೆಯೇ. ೧೮೯೭ರಲ್ಲಿ ತಿರಾಹದ ಕಣಿವೆಗೆ ಹೋದಾಗ ಗೋರಾನಿಗೆ ಲೀ ಮೆಟ್‌ಫರ್ಡ್, ನಮ್ಮವನಿಗೆ ಮಾರ್ಟಿನಿ. ಯಾವಾಗಲೂ ಒಂದು ತಲೆಮಾರು ಹಿಂದೆ. ಗೋರಾಗಳು ಬಿಟ್ಟ ಕೋವಿ ಸಿಪಾಯಿಗೆ, ಸಿಪಾಯಿ ಬಿಟ್ಟದ್ದು ಪೊಲೀಸಿಗೆ ಮತ್ತು ಸಂಸ್ಥಾನಗಳಿಗೆ. ದೊಡ್ಡಣ್ಣನ ಅಂಗಿ ತಮ್ಮನಿಗೆ ಬರುವ ಹಾಗೆ. ಆದರೆ ಸಾವು ಮಾತ್ರ ತಲೆಮಾರು ನೋಡಿ ಬರುತ್ತಿರಲಿಲ್ಲ.

ತಿರಾಹದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರ್ಟಿನಿಯ ತೋಟಾದಲ್ಲಿದ್ದದ್ದು ಕರಿಮದ್ದು. ಒಂದು ಸಲ ಹಾರಿಸಿದರೆ ತಲೆಯ ಮೇಲೆ ಬಿಳಿಯ ಹೊಗೆ ಏಳುತ್ತದೆ. ಲೀ ಮೆಟ್‌ಫರ್ಡಿಗೆ ೧೮೯೦ರ ದಶಕದ ಮೊದಲಲ್ಲೇ ಹೊಗೆಯಿಲ್ಲದ ಮದ್ದು ಬಂದಿತ್ತು. ಅಷ್ಟು ಹೊತ್ತಿಗೆ ಇಬ್ಬರ ಮೈಮೇಲೂ ಖಾಕಿ ಇತ್ತು. ಖಾಕಿ ಇರುವುದೇ ವೈರಿಯ ಕಣ್ಣಿಗೆ ಬೀಳದಿರಲಿ ಎಂದು. ಬಂಡೆಯ ಮರೆಯಲ್ಲಿ ಇಬ್ಬರೂ ಮಲಗಿದ್ದಾರೆ. ಗೋರಾ ಹತ್ತು ಸಲ ಹಾರಿಸಿದರೂ ಎಲ್ಲಿದ್ದಾನೆಂದು ತಿಳಿಯದು. ದೇಶೀ ಸಿಪಾಯಿ ಒಂದು ಸಲ ಹಾರಿಸಿದರೆ ‘ಇಲ್ಲಿದ್ದೇನೆ’ ಎಂದು ಬಿಳಿಯ ಬಾವುಟ ಹಾರಿಸಿದಂತೆ. ಎದುರಿಗಿದ್ದ ಅಫ್ರೀದಿಗಳಲ್ಲಿ ಕೆಲವರ ಹತ್ತಿರ ಕದ್ದು ತಂದ ಹೊಸ ಕೋವಿಗಳೂ ಇದ್ದವು. ಪಟದಲ್ಲಿ ಇಬ್ಬರೂ ಒಂದೇ ಬಣ್ಣದ ಬಟ್ಟೆಯಲ್ಲಿ ಸಮಾನರಾಗಿ ಕಾಣುತ್ತಾರೆ.

ಖಾಕಿಯ ಮಾತು ಬಂತು. ಇದರಲ್ಲಿ ನಮ್ಮ ನಾಡಿನದೂ ಒಂದು ಪಾಲಿದೆ. ‘ಖಾಕ್’ ಎಂದರೆ ಪಾರಸಿಯಲ್ಲಿ ಧೂಳು. ೧೮೪೦ರ ದಶಕದ ಕೊನೆಗೆ ಪೇಶಾವರದಲ್ಲಿ ಲಮ್ಸ್‌ಡನ್ ಎಂಬ ಅಧಿಕಾರಿ ತನ್ನ ಗೈಡ್ಸ್ ಪಡೆಗೆ ಧೂಳಿನ ಬಣ್ಣದ ಬಟ್ಟೆ ಹಾಕಿಸಿದ್ದು ದಾಖಲೆಯಲ್ಲಿದೆ. ಆದರೆ ಆ ಬಣ್ಣ ನಿಲ್ಲುತ್ತಿರಲಿಲ್ಲ. ಎರಡು ಒಗೆತಕ್ಕೆ ಒಬ್ಬೊಬ್ಬನದು ಒಂದೊಂದು ಬಣ್ಣ. ಮಂಗಳೂರಿನಲ್ಲಿ ಹೇಳುವ ಮಾತು ಬೇರೆ. ೧೮೫೧ರಲ್ಲಿ ಅಲ್ಲಿಗೆ ಬಂದ ಹಾಲರ್ ಎಂಬ ನೇಯ್ಗೆ ಬಲ್ಲವನು ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಮರದ ತೊಗಟೆಯಿಂದ ನಿಲ್ಲುವ ಖಾಕಿ ಬಣ್ಣವನ್ನು ಕಂಡುಹಿಡಿದನೆಂದೂ, ಮುಂದೆ ರಾಬರ್ಟ್ಸ್ ಎಂಬ ಸೇನಾಪತಿ ಅಲ್ಲಿಗೆ ಬಂದು ನೋಡಿ ಮೆಚ್ಚಿ ಅದನ್ನು ಸೈನ್ಯಕ್ಕೆ ಒಪ್ಪಿಸಿದನೆಂದೂ ಅಲ್ಲಿಯವರು ಹೇಳುತ್ತಾರೆ. ಎರಡು ಕಥೆಗಳಿಗೂ ಜಗಳ ಹಚ್ಚಬೇಕಾಗಿಲ್ಲ. ಬಣ್ಣ ಬೇಕೆಂದು ಯೋಚಿಸುವುದು ಒಂದು, ಬಣ್ಣ ಕೂರಿಸುವುದು ಇನ್ನೊಂದು. ೧೮೮೪ರಲ್ಲಿ ಇಂಗ್ಲೆಂಡಿನಲ್ಲಿ ಲೀಮನ್ ಮತ್ತು ಗ್ಯಾಟಿ ಎಂಬವರು ಬಿಡದ ಖಾಕಿಗೆ ಪೇಟೆಂಟು ಪಡೆದರು. ಆಮೇಲೆ ಲಾಭವೆಲ್ಲ ಅತ್ತ ಹೋಯಿತು. ಬ್ರಿಟಿಷ್ ಸೋಲ್ಜರರು ಕೆಂಪು ಕೋಟಿನಲ್ಲಿ ಕಾದಿದ ಕೊನೆಯ ಯುದ್ಧ ೧೮೮೫ರ ಡಿಸೆಂಬರ್ ೩೦ರ ಗಿನ್ನಿಸ್, ಸೂಡಾನಿನಲ್ಲಿ.

ಅದೇ ಸೂಡಾನಿನ ತೋಫ್ರೆಕ್ ಎಂಬಲ್ಲಿ, ಅದೇ ವರ್ಷ ಮಾರ್ಚ್ ೨೨ರಂದು, ಮದರಾಸು ಸ್ಯಾಪರುಗಳು ಬಿಸಿಲಲ್ಲಿ ಮುಳ್ಳುಗಿಡ ಕಡಿದು ಬೇಲಿ ಕಟ್ಟುತ್ತಿದ್ದಾಗ ಓಸ್ಮಾನ್ ದಿಗ್ನಾನ ಜನ ಪೊದೆಗಳ ಒಳಗಿನಿಂದ ನುಗ್ಗಿದರು. ಕೈಯಲ್ಲಿದ್ದದ್ದು ಕತ್ತಿ, ಕೊಡಲಿ. ಸ್ಯಾಪರನ ಪಾಡು ಇದು. ಕೆಲಸ ಮಾಡುವ ಹೊತ್ತಿಗೆ ಕೋವಿ ದೂರ, ಕೋವಿ ಹಿಡಿಯುವ ಹೊತ್ತಿಗೆ ಅದು ಹಳೆಯದು. ತೋಫ್ರೆಕ್ ಎಂಬ ಹೆಸರು ಇಂದಿಗೂ ಈ ಪಡೆಯ ಗೌರವಗಳ ಪಟ್ಟಿಯಲ್ಲಿದೆ.

ಈಗ ಹೇಳಿದ ರಾಬರ್ಟ್ಸ್ ೧೮೮೧ರಿಂದ ೮೫ರ ವರೆಗೆ ಮದರಾಸು ಸೈನ್ಯದ ಸೇನಾಪತಿಯಾಗಿದ್ದ. ಆಮೇಲೆ ೧೮೯೩ರ ವರೆಗೆ ಇಡೀ ಹಿಂದೂಸ್ಥಾನಕ್ಕೆ. ದಕ್ಷಿಣದವರು ಯುದ್ಧಕ್ಕೆ ಹೇಳಿಸಿದ ಜನವಲ್ಲ, ಉತ್ತರದ ಕೆಲವು ಜಾತಿಗಳೇ ಕ್ಷಾತ್ರ ಜಾತಿಗಳು ಎಂಬುದು ಅವನ ನಂಬಿಕೆ. ಅವನ ಕಾಲದಿಂದ ಮದರಾಸಿನ ಪಲ್ಟನ್‌ಗಳು ಒಂದೊಂದಾಗಿ ಕರಗತೊಡಗಿದವು. ಅವುಗಳ ಜಾಗಕ್ಕೆ ಪಂಜಾಬಿನವರು ಬಂದರು. ೧೮೯೫ರಲ್ಲಿ ಮದರಾಸು ಸೈನ್ಯವೆಂಬ ಬೇರೆ ಸೈನ್ಯವೇ ಇಲ್ಲವಾಯಿತು. ಮುಂಬಯಿ ಕಡೆ ಮಹಾರರನ್ನು ಸೇರಿಸಿಕೊಳ್ಳುವುದನ್ನು ೧೮೯೦ರ ದಶಕದಲ್ಲಿ ನಿಲ್ಲಿಸಿದರು. ಡಾಕ್ಟರ್ ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು ಎಂಬುದು ನಿಮಗೆ ತಿಳಿದದ್ದೇ. ಆ ಒಂದು ಬಾಗಿಲು ತೆರೆದಿದ್ದರಿಂದ ಏನಾಯಿತು, ಮುಚ್ಚಿದ್ದರಿಂದ ಎಷ್ಟು ಮನೆಗಳಿಗೆ ಏನು ತಪ್ಪಿತು, ನೀವೇ ಎಣಿಸಿ. ಸ್ಯಾಪರು ಮತ್ತು ಪಯೊನಿಯರು ಪಡೆಗಳಲ್ಲಿ ಮಾತ್ರ ಪರೈಯರ್ ಮೊದಲಾದವರಿಗೆ ಜಾಗ ಉಳಿಯಿತು. ಕಾರಣ ದಯೆಯಲ್ಲ. ಗುದ್ದಲಿ ಹಿಡಿಯುವವರು ಬೇಕಾಗಿತ್ತು. ಆದರೂ ಪಟದಲ್ಲಿ ಮೇಲ್ಜಾತಿಯವನ ಸಮಕ್ಕೆ, ಅದೇ ಕೋಟು ತೊಟ್ಟು, ಎದೆ ಎತ್ತಿ ನಿಂತಿದ್ದಾನಲ್ಲ ಆ ಮನುಷ್ಯ! ಊರಿನಲ್ಲಿ ಅವನು ಹಾಗೆ ನಿಲ್ಲಲು ಬಿಡುತ್ತಿದ್ದರೆ? ಈ ಸಂತೋಷವನ್ನು ನಾನು ಸಣ್ಣದು ಮಾಡಲಾರೆ.

ಸಂಬಳದ ಲೆಕ್ಕಕ್ಕೆ ಬರುತ್ತೇನೆ. ದೇಶೀ ಸಿಪಾಯಿಗೆ ತಿಂಗಳಿಗೆ ಏಳು ರೂಪಾಯಿ. ೧೮೯೫ರಲ್ಲಿ ಒಂಬತ್ತಾಯಿತು. ಅದರಲ್ಲೇ ಅವನ ಊಟ. ಕೋಟು ಸರ್ಕಾರದ್ದಾದರೂ ಸಣ್ಣಪುಟ್ಟ ಉಡುಪಿನ ಖರ್ಚು ಅವನದೇ. ಮೈಸೂರಿನ ಸಿಲ್ಲೇದಾರ ಸವಾರನಾದರೆ ಕುದುರೆಯನ್ನೂ ತಾನೇ ತರಬೇಕು. ವೈಟ್‌ಫೀಲ್ಡಿನ ಕಚೇರಿಗಳ ಗೇಟಿನಲ್ಲಿ ಟೋಪಿ ಹಾಕಿಕೊಂಡು ನಿಲ್ಲುವ ಗೆಳೆಯರು ಈ ಸಭೆಯಲ್ಲಿದ್ದಾರೆ. ‘ಯೂನಿಫಾರ್ಮ್ ಕಟಿಂಗ್’ ಎಂದರೇನು ಎಂದು ಅವರಿಗೆ ನಾನು ಕಲಿಸಬೇಕಾಗಿಲ್ಲ.

ಅದೇ ಕಾಲಕ್ಕೆ ಈ ದಂಡಿನಲ್ಲಿದ್ದ ಇನ್ನೊಬ್ಬನ ಪಟವೂ ಪ್ರಸಿದ್ಧವೇ. ೧೮೯೫ರಲ್ಲಿ ತೆಗೆದದ್ದು. ನಾಲ್ಕನೆಯ ಹುಸಾರ್ ಪಡೆಯ ಪೂರ್ಣ ಉಡುಪು, ಎದೆಯ ಮೇಲೆ ಸಾಲುಸಾಲು ಜರಿಯ ಹೊಲಿಗೆ. ಹೆಸರು ವಿನ್‌ಸ್ಟನ್ ಚರ್ಚಿಲ್. ೧೮೯೬ರಲ್ಲಿ ಬೆಂಗಳೂರಿಗೆ ಬಂದ. ದಿನಕ್ಕೆ ಹದಿನಾಲ್ಕು ಷಿಲಿಂಗ್ ಸಂಬಳ, ಕುದುರೆಗೆ ಬೇರೆ ಎಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ರೂಪಾಯಿಗೆ ಒಂದು ಷಿಲಿಂಗ್ ನಾಲ್ಕು ಪೆನ್ಸ್ ಎಂದು ಹಿಡಿದರೂ ದಿನಕ್ಕೆ ಹತ್ತೂವರೆ ರೂಪಾಯಿ. ಸಿಪಾಯಿಯ ಒಂದು ತಿಂಗಳಿಗಿಂತ ಚರ್ಚಿಲನ ಒಂದು ದಿನ ಹೆಚ್ಚು. ಅಷ್ಟು ಸಂಬಳ ಸಾಲದೆ ಸಾಲವನ್ನೂ ಮಾಡಿದ. ಇಂದಿನ ಬೆಂಗಳೂರು ಕ್ಲಬ್ಬಿನ ೧೮೯೯ರ ಪುಸ್ತಕದಲ್ಲಿ ಅವನ ಹೆಸರಿಗೆ ಹದಿಮೂರು ರೂಪಾಯಿ ವಸೂಲಾಗದ ಬಾಕಿ ಎಂದು ಬರೆದಿದೆ. ಕ್ಲಬ್ಬಿಗೆ ಬರುವವರಿಗೆ ಅದನ್ನು ಅಭಿಮಾನದಿಂದ ತೋರಿಸುತ್ತಾರೆ. ಒಬ್ಬ ಸಿಪಾಯಿ ಅಷ್ಟು ಬಾಕಿ ಉಳಿಸಿ ಹೋಗಿದ್ದರೆ ಅವನ ಮನೆಯ ತಗಡಿನ ಪೆಟ್ಟಿಗೆಯೂ ಉಳಿಯುತ್ತಿರಲಿಲ್ಲ.

ಸಿಪಾಯಿಯ ಕೈಗೆ ಹಳೆಯ ಕೋವಿಯಾದರೂ ಬಂತು. ಊರಿನವನ ಕೈಯಿಂದ ಇದ್ದದ್ದೂ ಹೋಯಿತು. ಹಲಗಲಿಯ ಬೇಡರ ಕಥೆಯನ್ನು ನಾನು ಹೇಳಬೇಕೆ? ಹತಾರ ಒಪ್ಪಿಸಿ ಎಂದು ಕಾನೂನು ಬಂದಾಗ ೧೮೫೭ರ ನವೆಂಬರಿನಲ್ಲಿ ಒಲ್ಲೆವೆಂದು ನಿಂತರು, ಊರು ಸುಟ್ಟರು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಲಖ್ನೋದ ಹೆಣಗಳ ಪಟ ತೆಗೆಯಲು ಬೀಟೊ ಎಂಬವನು ೧೮೫೮ರಲ್ಲಿ ಅಷ್ಟು ದೂರದಿಂದ ಬಂದ. ಹಲಗಲಿಯದು ಲಾವಣಿಯಲ್ಲೇ ಉಳಿಯಿತು. ೧೮೭೮ರಲ್ಲಿ ಲಿಟನ್ನನ ಶಸ್ತ್ರ ಕಾಯಿದೆ ಬಂದು ಭಾರತೀಯನಿಗೆ ಲೈಸೆನ್ಸಿಲ್ಲದೆ ಕೋವಿ ಇಲ್ಲವೆಂದಿತು, ಯುರೋಪಿಯನರಿಗೆ ವಿನಾಯಿತಿ ಕೊಟ್ಟಿತು. ದೇಶಭಾಷೆಯ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ್ದೂ ಅದೇ ವರ್ಷ, ಅದೇ ಲಿಟನ್. ೧೮೮೧ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಹೊಸ ಕೋಟೆ ಕಟ್ಟಬಾರದು, ಅನುಮತಿಯಿಲ್ಲದೆ ಶಸ್ತ್ರ ತಯಾರಿಸಬಾರದು, ತರಿಸಬಾರದು ಎಂದು ಬರೆಸಿಕೊಂಡರು. ಟೀಪುವಿನ ರಾಕೆಟ್ಟು ಹಾರಿದ ನಾಡಿಗೆ ಈ ಷರತ್ತು.

ಇದಕ್ಕೆ ಒಂದು ಅಪವಾದ ಕೊಡಗು. ೧೮೬೧ರಲ್ಲಿಯೇ ಕೊಡವರಿಗೆ ಆಯುಧ ಇಟ್ಟುಕೊಳ್ಳಲು ವಿನಾಯಿತಿ ಸಿಕ್ಕಿತು. ಆದ್ದರಿಂದಲೇ ಆ ಕಾಲದ ಕೊಡವರ ಪಟ ಬೇರೆಯಾಗಿ ಕಾಣುತ್ತದೆ. ಕರಿಯ ಕುಪ್ಯ, ಸೊಂಟದ ಮುಂದೆ ಪೀಚೆಕತ್ತಿ, ಬೆನ್ನಿಗೆ ಒಡಿಕತ್ತಿ. ಅದು ಸರ್ಕಾರ ತೊಡಿಸಿದ ಉಡುಪಲ್ಲ, ಸರ್ಕಾರ ಅಳೆದು ಕೊಟ್ಟ ಆಯುಧವೂ ಅಲ್ಲ. ಆ ವಿನಾಯಿತಿ ಇನ್ನೂ ನಡೆದುಬಂದಿದೆ. ೨೦೨೧ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಪಟದಲ್ಲಿ ಆ ಮುಖಗಳ ನಿಲುವನ್ನು ಮಾತ್ರ ನೋಡಿ.

ನಾವಿಕರ ವಿಷಯ ನನಗೆ ಹೆಚ್ಚು ಹೇಳಲಿಕ್ಕಿಲ್ಲ, ನಮ್ಮದು ಬಯಲು ಸೀಮೆ. ಬ್ರಿಟಿಷ್ ನೌಕಾಪಡೆಯ ಸಾಮಾನ್ಯ ನಾವಿಕನಿಗೆ ಒಂದೇ ತೆರನ ಉಡುಪು ಗೊತ್ತಾದದ್ದು ೧೮೫೭ರಲ್ಲಿ. ಅವನ ಟೋಪಿಯ ಪಟ್ಟಿಯ ಮೇಲೆ ಹಡಗಿನ ಹೆಸರೇ ಇರುತ್ತದೆ, ಆದ್ದರಿಂದ ಅವನ ಪಟದ ಕಾಲ ದೇಶ ಹುಡುಕುವುದು ಸುಲಭ. ಸಿಪಾಯಿಗಳನ್ನು ಹೊತ್ತ ಬಾಡಿಗೆ ಹಡಗುಗಳಲ್ಲಿ ಕಲ್ಲಿದ್ದಲು ತುಂಬಿದ ನಮ್ಮ ಕರಾವಳಿಗಳ ಖಲಾಸಿಗೆ ಹಡಗಿನ ಹೆಸರೂ ಇಲ್ಲ, ಪಟವೂ ಇಲ್ಲ.

ಹೆಸರಿನ ಮಾತಿಗೇ ಬರುತ್ತೇನೆ. ಈ ಪಟಗಳ ಕೆಳಗೆ ಬರೆದಿರುವುದನ್ನು ಓದಿ. ನಡುವೆ ಕುರ್ಚಿಯಲ್ಲಿ ಕುಳಿತ ಸಾಹೇಬನ ಹೆಸರು, ಅವನ ಪದವಿ, ಕೆಲವು ಸಲ ಅವನ ನಾಯಿಯ ಹೆಸರು ಕೂಡ ಇರುತ್ತದೆ. ಹಿಂದೆ ನಿಂತವರಿಗೆ ‘ದೇಶೀ ಸಿಪಾಯಿಗಳು’ ಎಂದು ಒಂದೇ ಮಾತು. ೧೯೧೨ರಲ್ಲಿ ಇಲ್ಲಿಯ ಸ್ಯಾಪರುಗಳ ನಡುವೆ ಮೆಕ್‌ಕ್ಲಿಂಟಾಕ್ ಎಂಬ ಕ್ಯಾಪ್ಟನ್ ಮುಳ್ಳುತಂತಿಯನ್ನು ಸಿಡಿಸುವ ಮದ್ದು ತುಂಬಿದ ಕೊಳವೆಯನ್ನು ರೂಪಿಸಿದ. ‘ಬೆಂಗಳೂರು ಟಾರ್ಪೆಡೊ’ ಎಂದು ಅದು ಜಗತ್ತಿಗೆಲ್ಲ ಗೊತ್ತು, ೧೯೪೪ರಲ್ಲಿ ನಾರ್ಮಂಡಿಯ ತೀರದಲ್ಲೂ ಸಿಡಿಯಿತು. ಊರಿನ ಹೆಸರು ಉಳಿಯಿತು, ಕ್ಯಾಪ್ಟನ್ನನ ಹೆಸರು ಉಳಿಯಿತು. ಅದನ್ನು ತೆವಳಿಕೊಂಡು ತಂತಿಯ ಕೆಳಗೆ ತಳ್ಳುತ್ತಿದ್ದವನ ಹೆಸರು?

ಹಲಸೂರು, ಶಿವಾಜಿನಗರಗಳ ಹಳೆಯ ಮನೆಗಳನ್ನು ಕೆಡವುವಾಗ ಇಂಥ ಪಟಗಳು ಗುಜರಿಗೆ ಬರುತ್ತವೆ. ಚೌಕಟ್ಟಿನ ಮರಕ್ಕೆ ಬೆಲೆ, ಪಟಕ್ಕಿಲ್ಲ. ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಒಂದಿದ್ದರೆ ಇಷ್ಟು ಮಾಡಿ. ಮನೆಯ ಹಿರಿಯರು ಇನ್ನೂ ಬದುಕಿರುವಾಗಲೇ ಕೂರಿಸಿಕೊಂಡು ಕೇಳಿ. ನಿಂತವನ ಹೆಸರು, ಅವನ ತಂದೆಯ ಹೆಸರು, ಊರು, ಪಡೆ, ಎಲ್ಲಿಗೆ ಹೋಗಿದ್ದ, ಹಿಂದಿರುಗಿದನೇ ಇಲ್ಲವೇ, ಇದನ್ನೆಲ್ಲ ಪಟದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಶಾಯಿ ಬೇಡ, ಅದು ಕಾಗದದ ಒಳಗಿಳಿದು ಮುಖಕ್ಕೆ ಬರುತ್ತದೆ. ಹಿಂದೆ ಸ್ಟುಡಿಯೋದ ಮುದ್ರೆ ಇದ್ದರೆ ಅದರ ಮೇಲೆ ಬರೆಯಬೇಡಿ, ಕಾಲ ಹೇಳುವುದು ಅದೇ. ಒದ್ದೆ ಬಟ್ಟೆಯಿಂದ ಒರೆಸಲೇ ಕೂಡದು. ಕಾಗದದ್ದಾದರೆ ಲೇಪ ಏಳುತ್ತದೆ, ತಗಡಿನದಾದರೆ ತುಕ್ಕು ಹಿಡಿಯುತ್ತದೆ. ಗಾಜು ತೆಗೆಯದೆ, ಕಿಟಕಿಯ ಬೆಳಕಿಗೆ ಓರೆಯಾಗಿ ಇಟ್ಟು, ಫ್ಲ್ಯಾಷ್ ಇಲ್ಲದೆ ಮೊಬೈಲಿನಲ್ಲಿ ಎರಡು ಪ್ರತಿ ತೆಗೆಯಿರಿ. ಒಂದು ಪೂರ್ತಿ ಪಟದ್ದು, ಇನ್ನೊಂದು ಕೋವಿಯ ಹಿಂಭಾಗವನ್ನು ಹತ್ತಿರದಿಂದ. ಮುಂದಿನ ಸಭೆಗೆ ಅವನ್ನು ತಂದರೆ ಸ್ನೈಡರೋ ಮಾರ್ಟಿನಿಯೋ ಎಲ್ಲರೂ ಕೂಡಿ ನೋಡೋಣ.